ಎಫ್ ಅಂದರೆ ಫೆನಿ

ಮಸೀದಿ ಬಂದರಿನ ಬ್ಯಾಂಕು, ಮೂರನೇ ಮಹಡಿ.
ಕೆಳಗೆ ಮೆಣಸಿನಕಾಯಿ ಗೋದಾಮು.
ನನ್ನೂರ ಕಡೆಯದೇ ಘಾಟು, ಬ್ಯಾಡಗಿಯ ಕೆಂಪು,
ಎಸಿ ಕೊಳವೆ ಹಿಡಿದು ಮೇಲೇರಿ ಬಂದು
ಸರ್ವರುಗಳ ನಡುವೆ ನನ್ನ ಗುರುತು ಹಿಡಿಯಿತು.

ಕೈಯಲ್ಲೊಂದು ಪೆಟ್ಟಿಗೆ. ಊಟದ ಡಬ್ಬಿಯಷ್ಟೇ,
ತೂಕ ಮಾತ್ರ ಹೆಚ್ಚು.
ಒಳಗೆ ಚಿಪ್ಪು, ಚಿಪ್ಪಿನೊಳಗೆ ಕೀಲಿ.
ಅದನ್ನು ಕಂಡವರಿಲ್ಲ, ಮಾಡಿದವನೂ ಕಂಡಿಲ್ಲ.
ಸ್ಕ್ರೂ ತಿರುಗಿಸಿ ಇಣುಕಿದಿರೋ,
ತನ್ನನ್ನೇ ಅಳಿಸಿಕೊಳ್ಳುತ್ತದೆ, ಬಾಯಿ ಬಿಡುವುದಿಲ್ಲ.
ಹೋದ ತಿಂಗಳು ಘಾಟ್ಕೋಪರದಲ್ಲಿ
ನಮ್ಮ ಹೊಸ ಹುಡುಗ ಶ್ರೀಪತಿ
ಒಳಗೇನಿದೆ ನೋಡೋಣ ಅಂತ ಮುಚ್ಚಳ ಎತ್ತಿದ.
ಒಂದೂವರೆ ಲಕ್ಷ. ಅವನ ಮುಖ ನೋಡಬೇಕಿತ್ತು.

ಇದರ ಜೋಡಿ ಗೋವೆಯಲ್ಲಿದೆ, ಮಾಪ್ಸಾ ಶಾಖೆಯಲ್ಲಿ.
ಎರಡೂ ಪರಸ್ಪರ ನಂಬುವ ಮುನ್ನ
ಈ ತುದಿಗೊಬ್ಬರು ಆ ತುದಿಗೊಬ್ಬರು
ಫೋನು ಹಿಡಿದು, ಅವುಗಳ ಬೆರಳಚ್ಚನ್ನು
ಮಗ್ಗಿಯ ಹಾಗೆ ಓದಿ ಒಪ್ಪಿಸಬೇಕು,
ಸಂಬಂಧಕ್ಕೆ ಮೊದಲು ಗೋತ್ರ ಕೇಳಿದಂತೆ.

ಅತ್ತ ಹೆಂಗಸಿನ ದನಿ, ಬೆನ್ನಿಗೆ ಶುಕ್ರವಾರದ ಸಂತೆ.
ಅವಳ ಹಿಂದಿಯಲ್ಲಿ ಕೊಂಕಣಿ, ನನ್ನದರಲ್ಲಿ ಹಾವೇರಿ.
“ಏಳು. ಬಿ ಅಂದರೆ ಬೆಬಿಂಕಾ. ಸೊನ್ನೆ.
ಡಿ, ದೊದೊಲ್. ಒಂಬತ್ತು. ಎಫ್ ಅಂದರೆ ಫೆನಿ.”
ಅಷ್ಟರಲ್ಲಿ ಘಾಟು ನೆತ್ತಿಗೇರಿ
ಸೀನಿದೆ, ಮೂರು ಸಲ.
ಸಾಲು ತಪ್ಪಿತು.

“ಮೊದಲಿಂದ,” ಅಂದಳು. ಬೈಯಲಿಲ್ಲ.
ಎರಡನೇ ಸುತ್ತಿನಲ್ಲಿ ಇನ್ನೂ ಮುಂದೆ ಹೋದೆವು.
“ಇ ಅಂದರೆ ನಾನು. ಎರ್ಮೆಲಿಂಡಾ.”
ನಾನು ಹೆಸರು ಬರೆದುಕೊಂಡೆ. ಬರೆಯಬೇಕಿರಲಿಲ್ಲ.

ಅರವತ್ತನಾಲ್ಕು ಅಕ್ಷರ ತಾಳೆಯಾದವು.
ಕೇಸರಿ ದೀಪ ಹಸಿರಾಯಿತು.
ಇನ್ನು ಆ ಊರಿನ ಠೇವಣಿ, ಅಡವಿಟ್ಟ ಬಳೆ,
ಯಾರದೋ ಮಗಳ ಫೀಸು, ಯಾರದೋ ಮೂರು ಕಂತಿನ ಬಾಕಿ
ಗಿರಣಿಗೆ ಬಿದ್ದು ನುಣ್ಣಗೆ ಪುಡಿಯಾಗಿ
ಕರಾವಳಿಯುದ್ದಕ್ಕೂ ಹರಿದು ಬರುತ್ತವೆ.
ನಡುದಾರಿಯಲ್ಲಿ ಕಿವಿಯಿಟ್ಟವನಿಗೆ ಬರೀ ಧೂಳು.
ಇಲ್ಲಿಗೆ ಬಂದ ಮೇಲೆ ಪುಡಿಯೊಳಗಿಂದ
ಇಡೀ ಕಾಯಿ ಎದ್ದು ಕೂರುತ್ತದೆ, ತೊಟ್ಟು ಸಮೇತ.

ನಾವು ಮಾತಾಡಿದ ಫೋನಿಗೆ ಮಾತ್ರ
ಯಾವ ಬೀಗವೂ ಇರಲಿಲ್ಲ.
“ಇಡಲಾ ಹಾಗಾದರೆ?” ಅಂದಳು. ಇಡಲಿಲ್ಲ.
ಸಂತೆಯಲ್ಲಿ ಯಾರೋ ಒಣಮೀನಿಗೆ ಚೌಕಾಶಿ ಮಾಡುತ್ತಿದ್ದರು.
ಹೇಳುವುದಕ್ಕೆ ಒಂದು ಅಂಕಿಯೂ ಉಳಿದಿರಲಿಲ್ಲ.

ಮತ್ತೊಮ್ಮೆ ಸೀನಿದೆ.
ಈ ಸಲ ಬೇಕಂತಲೇ.