ಅಕ್ಟೋಬರ್‌ವರೆಗೆ

ಕೌನಾಸ್ ಊರಿನ ಒಂಬತ್ತು ಮಹಡಿಯ ಈ ಕಾಂಕ್ರೀಟು ಗೂಡಿನಲ್ಲಿ
ನಮ್ಮದು ಐದನೆಯದು.
ಬೀರುವಿನ ಹಿಂದೆ ಧೂಳು ಕುಡಿದು ಕೂತ ರೌಟರಿಗೆ
ಹನ್ನೆರಡು ವರ್ಷ. ಒಂದೇ ಬ್ಯಾಂಡು, ಒಂದೇ ಕೊಂಬು,
ಒಂದೇ ಹಸಿರು ಕಣ್ಣು.

ಬೇಕರಿಯ ರಾತ್ರಿಪಾಳಿ ಮುಗಿಸಿ ಮಲಗಿದವನು
ಮಧ್ಯಾಹ್ನ ಎದ್ದು ಸೂಪು ಬಿಸಿಗಿಟ್ಟೆನೋ,
ಆಚೆ ಕೋಣೆಯಲ್ಲಿ ಜಿವಿಲೆಯ ಪರದೆಯ ಮೇಲೆ
ಹ್ಯಾಂಬರ್ಗಿನ ಡಾಕ್ಟರು ಬಾಯಿ ತೆರೆದಂತೆಯೇ ಕಲ್ಲಾಗುತ್ತಾನೆ.
ಅವನ ಜರ್ಮನ್ ಮಾತನ್ನು ಇಲ್ಲಿಯ ರೋಗಿಗೆ ದಾಟಿಸುವುದು ಅವಳ ಕೆಲಸ.
ಆ ಭಾಷೆಯಲ್ಲಿ ‘ಬೇಡ’ ಬರುವುದು
ಎಷ್ಟೋ ಸಲ ವಾಕ್ಯದ ತುದಿಗಂತೆ.
ಆಪರೇಷನ್ ಬೇಕೋ, ಬೇಡವೋ,
ಮೈಕ್ರೋವೇವು ಟಿಣ್ ಅನ್ನುವವರೆಗೆ
ಮೂವರೂ ಕಾಯಬೇಕು.
ಸೌಟು ಹಿಡಿದು ನಿಂತ ನನ್ನತ್ತ
ಅವಳು ಬೀರುವ ನೋಟಕ್ಕೆ ಮಾತ್ರ
ಯಾವ ಗೋಡೆಯೂ ಅಡ್ಡಬಂದದ್ದಿಲ್ಲ.

ಅಂಗಡಿಯ ಗ್ವಿಡಸ್‌ಗೆ ಮೀಸೆ ಇನ್ನೂ ಸರಿಯಾಗಿ ಚಿಗುರಿಲ್ಲ:
‘ಹಳೆಯ ಅಲೆ ನಿಧಾನ, ಆದರೆ ಗೋಡೆ ದಾಟುತ್ತೆ.
ನಿಮ್ಮ ಓವನ್ನು, ಅಕ್ಕಪಕ್ಕದವರು, ಎಲ್ಲರೂ ನುಗ್ಗೋದು ಅದೇ ಓಣಿಗೆ.
ಹೊಸದು ಕುದುರೆ. ಕಾಂಕ್ರೀಟು ಕಂಡರೆ ಮುಗ್ಗರಿಸುತ್ತೆ.
ಈ ಪೆಟ್ಟಿಗೇಲಿ ಎರಡೂ ಇದೆ. ಎಪ್ಪತ್ತೊಂಬತ್ತು ಯೂರೋ.’
ಎರಡು ದೋಣಿಗೆ ಕಾಲಿಟ್ಟವನ ಗತಿ ಗೊತ್ತು ನನಗೆ.
ಎರಡು ದೋಣಿಯೂ ಒಂದೇ ಪೆಟ್ಟಿಗೆಯಲ್ಲಿ ಬಂದರೆ
ಏನು ಗತಿ ಅಂತ ಯಾರೂ ಹೇಳಿಕೊಟ್ಟಿಲ್ಲ.

ಆ ರಾತ್ರಿ ರಜೆ. ಫೋನು ಹಿಡಿದು ಕೋಣೆ ಕೋಣೆ ಅಳೆದೆ.
ಓಣಿಯಲ್ಲಿ ಮೂವತ್ತೊಂದು ಹೆಸರು:
ಬೆಕ್ಕಿನಪ್ಪ. ಕದ್ದರೆ ಜೋಕೆ. ಏಳನೇ ಮಹಡಿಯ ಸ್ವರ್ಗ.
ಅಲ್ಗಿಸ್ ಮತ್ತು ರೂತಾ, ಆ ಹೆಸರು ಇನ್ನೂ ಹಾಗೇ ಇದೆ;
ರೂತಾ ಮನೆ ಬಿಟ್ಟು ಹೋಗಿ ಎರಡು ಚಳಿಗಾಲವಾಯಿತು.
ಬದಲಿಸಲು ಗೊತ್ತಿಲ್ಲವೋ, ಮನಸ್ಸಿಲ್ಲವೋ.
ಬಲ ಮಾತ್ರ ಪೂರ್ತಿ ನಾಲ್ಕು ಗೀಟು.

ಮತ್ತೆ ಕೆಳಮನೆಯ ಗೆನೊವೈತೆ ಇದ್ದಾಳಲ್ಲ.
ಅವಳು ಕಾಲು ಮುರಿದುಕೊಂಡ ವರ್ಷ ನಮ್ಮ ಪಾಸ್‌ವರ್ಡು ಬರೆದುಕೊಟ್ಟಿದ್ದೆ,
ದಪ್ಪ ಅಕ್ಷರದಲ್ಲಿ, ಬ್ರೆಡ್ಡಿನ ಚೀಟಿಯ ಹಿಂದೆ.
ಕಾಲು ಕೂಡಿತು. ಚೀಟಿ ಫ್ರಿಜ್ಜಿನ ಮೇಲೇ ಉಳಿಯಿತು.
ಅವಳ ಮುದಿ ಟ್ಯಾಬ್ಲೆಟ್ಟಿಗೆ ಗೊತ್ತಿರುವುದು ಹಳೆಯ ಅಲೆಯೊಂದೇ;
ಅದರ ಮೇಲೆಯೇ ದಿನವೂ ಯಾರೋ ಸಮುದ್ರತೀರದವನ ರಾಜನಿಗೆ
ಚೆಕ್ ಕೊಡುತ್ತಾಳೆ.
‘ಹಳೆ ಹೆಸರು, ಹಳೆ ಪಾಸ್‌ವರ್ಡು ಇಟ್ಟರಾಯ್ತು,
ಅವರಿಗೆ ಗೊತ್ತೇ ಆಗಲ್ಲ’ ಅಂದ ಗ್ವಿಡಸ್.
ಇದ್ದ ಒಂದು ನೆಪವನ್ನೂ ಕಿತ್ತುಕೊಂಡ.

ಆದರೂ ಅಳೆದೆ, ಸುರಿದೆ, ಮತ್ತೆ ಅಳೆದೆ.
ಕೊನೆಗೆ ಮುದುಕನನ್ನು ಹಿಂದಿನಿಂದೆತ್ತಿ
ಒರೆಸಿ, ಬೀರುವಿನ ನೆತ್ತಿಯ ಮೇಲೆ ಕೂರಿಸಿದೆ.
ಒಂದು ಗೀಟು ಹೆಚ್ಚಾಯಿತು.
‘ಹಳೇ ಗಂಡನ ಪಾದವೇ ಗತಿ’ ನಕ್ಕಳು ಜಿವಿಲೆ.
ಯಾರನ್ನು ಕುರಿತು ಅಂತ ನಾನು ಕೇಳಲಿಲ್ಲ.

ಅಷ್ಟರಲ್ಲಿ ಜೂನ್ ಬಂತು.
ಹುಳಿಮಜ್ಜಿಗೆಗೆ ಬೀಟ್‌ರೂಟು ತುರಿದು, ಸೌತೆಕಾಯಿ ಹೆಚ್ಚಿ,
ಸಬ್ಬಸಿಗೆ ಉದುರಿಸಿದ ಗುಲಾಬಿ ಸೂಪು.
ಬೇಸಿಗೆಯೆಲ್ಲ ನಮಗೆ ಅದೇ, ತಣ್ಣಗೇ.
ಮೈಕ್ರೋವೇವು ಬಾಯಿ ಮುಚ್ಚಿದೆ.
ಹ್ಯಾಂಬರ್ಗಿನವನು ವಾಕ್ಯ ಮುಗಿಸುತ್ತಿದ್ದಾನೆ;
ನಿನ್ನೆ ‘ಬೇಡ’ ಅಂದನಂತೆ,
ಆ ಕಡೆ ರೋಗಿ ಅತ್ತೇಬಿಟ್ಟಳಂತೆ, ಖುಷಿಗೆ.

ಚಳಿ ಬರಲಿ, ನೋಡೋಣ ಅಂದೆ.
ಜಿವಿಲೆ ಏನೂ ಅನ್ನಲಿಲ್ಲ. ಎದ್ದುಹೋಗಿ
ಕ್ಯಾಲೆಂಡರಿನಲ್ಲಿ ಅಕ್ಟೋಬರಿನ ಹಾಳೆ ಹುಡುಕಿ
ಮೂಲೆಯಲ್ಲಿ ಸಣ್ಣದಾಗಿ ಬರೆದಳು:
79.