ಆರು ಕಿಂಡಿ

ಹಂಸ ಮುಚ್ಚಿಡಲಿಲ್ಲ.
ಮದರ್‌ಬೋರ್ಡಿನ ಡಬ್ಬಿ ಬಿಚ್ಚಿ ಬೆರಳಿಟ್ಟು ತೋರಿಸಿದ:
ಆರು ಕಿಂಡಿಯಲ್ಲಿ ಎರಡು ಗಟ್ಟಿ,
ಉಳಿದ ನಾಲ್ಕು ಮೂರು ವರ್ಷಕ್ಕೆ ಸುಸ್ತು.
ಕಂಪನಿಯೇ ಒಪ್ಪಿಕೊಂಡಿದೆ. ಅರ್ಧ ಬೆಲೆ.

ನನಗಿರುವುದು ಒಂದೇ ಡಿಸ್ಕು,
ಅದರಲ್ಲಿ ಗೋಣಿಕೊಪ್ಪದ ಅರ್ಧ ಮದುವೆಗಳ ಕರೆಯೋಲೆ.
ಆ ನಾಲ್ಕನ್ನು ನಾನೆಂದೂ ಮುಟ್ಟುವುದಿಲ್ಲ.
ಆದರೂ ಹೊಸದಲ್ಲವೇ,
ಇನ್ನೂ ಪ್ಲಾಸ್ಟಿಕ್ ವಾಸನೆ ಹೋಗಿಲ್ಲ.

ನನ್ನ ಜೀಪಿಗೆ ರಿವರ್ಸ್ ಬೀಳದೆ ಒಂಬತ್ತು ಮಳೆಗಾಲ.
ಜಾಗ ನೋಡಿಯೇ ನಿಲ್ಲಿಸುತ್ತೇನೆ, ಕೊರಗಿಲ್ಲ.
ಆ ಊನ ನನ್ನ ಕೈಯಲ್ಲೇ ಸವೆದು ಬಂದದ್ದು.
ಇದನ್ನು ನೋಟು ಎಣಿಸಿ ತರಬೇಕು.

"ಚೋಂದಮ್ಮಕ್ಕ, ಶನಿವಾರದವರೆಗೆ ಎತ್ತಿಡ್ತೇನೆ."

ಹೊರಗೆ ಬಂದರೆ ಜೀಪಿನ ಮೂತಿಗೆ
ಯಾರದೋ ಕರಿಮೆಣಸಿನ ಲಾರಿ.
ಕೇಳುವ ಮೊದಲೇ ಹಂಸ ಸಂದಿಗೆ ನುಸುಳಿ
ಬಾನೆಟ್ಟಿಗೆ ಹೆಗಲು ಕೊಟ್ಟ.
ಸಾಕು ಎಂದೆ,
ಇನ್ನೂ ದೂಡುತ್ತಲೇ ಇದ್ದ.