ಎಡಗಿವಿಯ ಪಾಲು

ಬೆಂಕಿಪೊಟ್ಟಣಕ್ಕಿಂತ ಒಂದು ಬೆರಳು ಉದ್ದ,
ತೂಕದಲ್ಲಿ ಒಂದು ನಿಂಬೆಹಣ್ಣು.
ದೀಪಾವಳಿ ಬೋನಸ್ಸಿನಲ್ಲಿ ಒಂಬೈನೂರ ಐವತ್ತು ಕೊಟ್ಟು
ಹಾಸನದ ಬಸ್‌ಸ್ಟ್ಯಾಂಡಿನ ಎದುರು ಕೊಂಡೆ.
ಮನೆಯಲ್ಲಿ ಇನ್ನೂರು ಅಂತ ಹೇಳಿದ್ದೇನೆ.
ಸನಾವುಲ್ಲ ತನ್ನ ಅಂಗಡಿಯಲ್ಲಿ ಹತ್ತು ರೂಪಾಯಿಗೆ
ನಲವತ್ತು ಹಾಡು ತುಂಬಿಸಿಕೊಟ್ಟ.
ಅರ್ಧ ನಾನು ಕೇಳಿದ್ದು,
ಉಳಿದದ್ದು ಅವನಿಗೆ ಇಷ್ಟವಾದದ್ದು.

ಬೆಳಿಗ್ಗೆ ಏಳೂ ಕಾಲಿಗೆ ದುದ್ದದಲ್ಲಿ
ಗಾರ್ಮೆಂಟ್ಸಿನ ವ್ಯಾನು.
ಹದಿನಾಲ್ಕು ಸೀಟು, ಇಪ್ಪತ್ತಾರು ಹೆಂಗಸರು.
ನನ್ನ ಬಲಕ್ಕೆ ಯಾವತ್ತೂ ಜಯಶೀಲ, ಕಾಲರ್ ಸೆಕ್ಷನ್ನಿನವಳು.
ಎಡಗಿವಿಯದನ್ನು ಬಿಚ್ಚಿ, ಗಲ್ಲದ ಕೆಳಗೆ ವೈರು ದಾಟಿಸಿ
ಅವಳಿಗೆ ಕೊಡುತ್ತೇನೆ.
‘ಹತ್ತಿರದ್ದನ್ನೇ ಕೊಡಬಾರದೇನೇ, ಉರುಲು ಬಿದ್ದಂಗಿದೆ’ ಅನ್ನುತ್ತಾಳೆ.
‘ಇದು ನನ್ನ ಅದೃಷ್ಟದ್ದು’ ಅನ್ನುತ್ತೇನೆ.
ಧಾರಾಳಿ ಅಂತ ನನಗೆ ವ್ಯಾನಿನಲ್ಲೆಲ್ಲ ಹೆಸರು.

ಏಳನೇ ವಯಸ್ಸಿಗೆ ಸೋರಿ ಸೋರಿ
ಬೆಳ್ಳುಳ್ಳಿ ಕಾಸಿದ ಎಣ್ಣೆ ಕುಡಿದು ಕುಡಿದು
ಸುಮ್ಮನಾದ ಕಿವಿ ಅದು.
ಹೆಣ್ಣು ನೋಡಲು ಬಂದವರಿಗೆ ಹೇಳಲಿಲ್ಲ.
ಕೆಲಸಕ್ಕೆ ಸೇರುವಾಗಲೂ ಹೇಳಲಿಲ್ಲ.
ಒಂದು ಲೈನಿಗೆ ಅರವತ್ತು ಮಿಷನ್ನು,
ಅಲ್ಲಿ ಎಲ್ಲರೂ ಕಿವುಡರೇ,
ಯಾರು ಹೆಚ್ಚು ಯಾರು ಕಡಿಮೆ ಅಂತ ಅಳೆಯುವವರು ಯಾರು?

ಮೂವತ್ತೇಳನೇ ಹಾಡಿನಲ್ಲಿ ಸಿಕ್ಕಿಬಿದ್ದೆ.
‘ಆ ಕೊಳಲು ಬರುತ್ತಲ್ಲ, ಜೀವ ಹೋಗುತ್ತೆ ಕಣೇ.’
‘ಯಾವ ಕೊಳಲು? ಬರೀ ತಬಲ ಅಲ್ವಾ ಇರೋದು?’
‘ತಬಲಾನಾ! ಕಿವಿ ಏನು ಮಾರ್ಕೊಂಡ್ಯಾ?’
ವ್ಯಾನು ನಕ್ಕಿತು.
ಎಲ್ಲರಿಗಿಂತ ಮೊದಲು ನಾನೇ ನಕ್ಕಿದ್ದೆ.

ಆ ರಾತ್ರಿ ದೀಪ ಆರಿಸಿದ ಮೇಲೆ
ಎಡದ್ದನ್ನು ಬಲಕ್ಕೆ ಇಟ್ಟುಕೊಂಡೆ.
ಹಾಡುವವಳು ಅವಳೇ, ಮಾತು ಅದೇ,
ತಬಲ ಮಾತ್ರ ಎದ್ದು ಹೋಗಿತ್ತು.
ಎರಡನೇ ಚರಣಕ್ಕೆ ಮುಂಚೆ
ಮೂವತ್ತೊಂದು ವರ್ಷ ಜಗಲಿಯಲ್ಲೇ ಕೂತಿದ್ದ ನೆಂಟ
ಕಾಲು ತೊಳೆದು ಒಳಗೆ ಬಂದ ಹಾಗೆ
ಬಂತು ಕೊಳಲು.
ಚಾರ್ಜು ಮುಗಿಯುವವರೆಗೂ ಒಂದೊಂದನ್ನೇ ಮತ್ತೆ ಕೇಳಿದೆ.
ಒಂದರಲ್ಲಿ ಗೆಜ್ಜೆ. ಒಂದರಲ್ಲಿ ಯಾರೋ ಕೆಮ್ಮಿದ್ದು.
ಹತ್ತು ರೂಪಾಯಿಗೆ ಎಂಬತ್ತು ಹಾಡು!
ಸನಾವುಲ್ಲನಿಗೆ ಹೇಳಲಿಲ್ಲ,
ಇನ್ನು ಹತ್ತು ಕೇಳಿಬಿಟ್ಟರೆ?

ಜಯಶೀಲಳಿಗೆ ಹೇಳಿದೆ,
ಊಟದ ಡಬ್ಬಿ ತೊಳೆಯುತ್ತ, ನಲ್ಲಿಯ ಸದ್ದಿನ ಮರೆಯಲ್ಲಿ.
ಅಯ್ಯೋ ಅನ್ನಲಿಲ್ಲ ಪುಣ್ಯಾತ್ಗಿತ್ತಿ.
ಡಬ್ಬಿ ಒದರಿ, ಕೈ ಒರೆಸಿಕೊಂಡು ಅಂದಳು:
‘ಹಂಗಾದ್ರೆ ನಂಗೂ ಇಷ್ಟು ದಿನ ಅರ್ಧವೇ ಕೊಟ್ಟಿದೀಯ.
ತಾ ಇಲ್ಲಿ, ನಿನ್ನ ತಬಲ ಕೇಳ್ತೀನಿ.’

ಮೇ ತಿಂಗಳಲ್ಲಿ ಪಿನ್ನು ಕೂರುವ ತೂತು ಸಡಿಲವಾಯಿತು.
ಹೊಸ ವೈರು ಹಾಕಿದರೂ ಎಡದ ಸದ್ದಿಲ್ಲ.
‘ಒಂದು ಸೈಡು ಹೋಗಿದೆ, ಬಿಸಾಕಿ ಅಕ್ಕ,
ರಿಪೇರಿ ದುಡ್ಡಿಗೆ ಹೊಸದೇ ಬರುತ್ತೆ’ ಅಂದ ಸನಾವುಲ್ಲ.
ಬಿಸಾಕಲಿಲ್ಲ.

ಈಗಲೂ ವೈರು ಗಲ್ಲದ ಕೆಳಗೆ ದಾಟುತ್ತದೆ.
ಏನೂ ಕೇಳಿಸದ್ದನ್ನು ಕಿವಿಗಿಟ್ಟುಕೊಂಡು
ನನ್ನ ಬೆರಳು ನೋಡುತ್ತ ಕೂರುತ್ತಾಳೆ ಜಯಶೀಲ.
ಡಬ್ಬಿಯ ಮುಚ್ಚಳದ ಮೇಲೆ ತಬಲ ಬಡಿಯುತ್ತೇನೆ.
ಎರಡನೇ ಚರಣಕ್ಕೆ ಮುಂಚೆ
ಮೊಣಕೈಯಲ್ಲಿ ತಿವಿಯುತ್ತಾಳೆ: ಈಗ.

ಡೈರಿ ಸರ್ಕಲ್ಲಿನ ಹಂಪು ಸಿಕ್ಕ ದಿನ
ತಪ್ಪು ಜಾಗದಲ್ಲಿ ತಿವಿಯುತ್ತಾಳೆ.
ಆ ದಿನ ಕೊಳಲು
ಅಲ್ಲೇ ಬರುತ್ತದೆ.